ಅಪ್‌ಡೇಟ್: 108 ಕೆಜಿ ತೂಕದ ನನಗೆ ಬೋರ್ಡ್ ಸಿಕ್ಕಿತು

ಹಾಸನದಿಂದ ಕೇಳಿದ್ದೆನಲ್ಲ, ನನ್ನ ತೂಕ 108 ಕೆಜಿ, ಪ್ಯಾಡಲ್‌ಬೋರ್ಡ್ (ನೀರಿನ ಮೇಲೆ ನಿಂತು ಹುಟ್ಟು ಹಾಕುವ ಹಲಗೆ) ಮೇಲೆ ಒಮ್ಮೆಯೂ ನಿಂತವನಲ್ಲ, 10 ಅಡಿ 6 ಇಂಚಿನದು ಸಾಕಾ ಅಂತ. ಬೇಡ, ದೊಡ್ಡದು ನೋಡಿ ಅಂದವರಿಗೆ ತುಂಬಾ ಥ್ಯಾಂಕ್ಸ್. ಗಾಳಿ ತುಂಬುವ ಬೋರ್ಡನ್ನೇ ತಗೊಂಡೆ. 11 ಅಡಿ 6 ಇಂಚು ಉದ್ದ, 34 ಇಂಚು ಅಗಲ, 6 ಇಂಚು ದಪ್ಪ.

ಅದಕ್ಕೂ ಮೊದಲು ಸ್ನೇಹಿತರ ಬೋರ್ಡ್ ಹತ್ತಿ ನೋಡಿದೆ. ಅದು 5 ಇಂಚು ದಪ್ಪ, ಮೇಲೆ 120 ಕೆಜಿವರೆಗೆ ಹೊರುತ್ತದೆ ಅಂತ ಬರೆದಿತ್ತು, ಆದರೆ ನಾನು ನಿಂತ ಕೂಡಲೇ ನಡು ಬಾಗಿ, ಎರಡೂ ತುದಿ ಮೇಲೆದ್ದು, ಪಾದದ ಸುತ್ತ ನೀರು ಬಂತು. ಆ ಸಂಖ್ಯೆಗೆ ಹತ್ತಿರ ಇರುವ ತೂಕದವರು ಅದನ್ನು ನಂಬಬೇಡಿ. ಲೈಫ್ ಜಾಕೆಟ್, ನೀರಿನ ಬಾಟಲಿ, ಒದ್ದೆ ಬಟ್ಟೆ ಎಲ್ಲದರ ಭಾರವೂ ಸೇರುತ್ತದೆ ಅಲ್ವಾ?

ಗಾಳಿ ವಿಷಯದಲ್ಲಿ ಸೋಮಾರಿತನ ಬೇಡ. 10 ಪಿಎಸ್ಐ (ಗಾಳಿಯ ಒತ್ತಡದ ಅಳತೆ) ದಾಟಿದ ಮೇಲೆ ಪಂಪು ಒತ್ತುವುದು ಕಷ್ಟ, ತೋಳು ನಡುಗುತ್ತದೆ, ಆದರೂ ನನ್ನ ಬೋರ್ಡಿಗೆ ಹೇಳಿರುವ 15ರವರೆಗೂ ತುಂಬಿದರೆ ಮಾತ್ರ ಹಲಗೆಯಂತೆ ಗಟ್ಟಿ ನಿಲ್ಲುತ್ತದೆ.

ಭಾನುವಾರ ಬೆಳಿಗ್ಗೆ, ಗಾಳಿ ಏಳುವ ಮೊದಲೇ, ಗೊರೂರಿನ ಹೇಮಾವತಿ ಹಿನ್ನೀರಿಗೆ ಅನುಮತಿ ಕೇಳಿಕೊಂಡು ಇಳಿದೆ. ಮೊದಲು ಮಂಡಿಯೂರಿ ಹುಟ್ಟು ಹಾಕಿದೆ. ಆಮೇಲೆ ನಡುವಿನ ಹಿಡಿಯ ಆಚೀಚೆ ಪಾದ ಇಟ್ಟು ಎದ್ದೆ. ಕಾಲು ನೋಡಿದಾಗೆಲ್ಲ ಬಿದ್ದೆ, ದಡದ ಮರ ನೋಡಿದಾಗ ನಿಂತೆ. ನಾಲ್ಕನೇ ಸಲ ಹತ್ತು ನಿಮಿಷ!