ಲಂಡನ್ ಆರ್ಚ್: ಅಲೆ ಬುಡಕ್ಕೆ, ಬಿದ್ದದ್ದು ಚಾವಣಿ?

ಪ್ರಶ್ನೆ: ಆಸ್ಟ್ರೇಲಿಯಾದ ಪೋರ್ಟ್ ಕ್ಯಾಂಬೆಲ್ ಬಳಿಯ ಲಂಡನ್ ಆರ್ಚ್ ಎಂಬ ಕಡಲ ಬಂಡೆಗೆ ಮೊದಲು ಎರಡು ಕಮಾನು. ದಡದ ಕಡೆಯದು 1990ರಲ್ಲಿ ಕುಸಿಯಿತು. ಅಲೆ ಹೊಡೆಯೋದು ಬುಡಕ್ಕೆ ತಾನೆ, ಮತ್ತೆ ಚಾವಣಿ ಬಿದ್ದದ್ದು ಹೇಗೆ?

ಉತ್ತರ 1: ಅಲ್ಲಿರೋದು ಮೆತ್ತನೆಯ ಸುಣ್ಣಕಲ್ಲು. ಅಲೆಗಳು ಬಾಗಿ ಬಂದು ಭೂಶಿರದ ಎರಡೂ ಮಗ್ಗುಲಿಗೆ ಬಡಿಯುತ್ತವೆ. ನೀರು ನುಗ್ಗಿದಾಗ ಬಿರುಕಿನೊಳಗಿನ ಗಾಳಿ ಒತ್ತಿಕೊಳ್ಳುತ್ತೆ. ಅಲೆ ಸರಿದ ಕೂಡಲೇ ಹಿಗ್ಗಿ ಕಲ್ಲನ್ನು ಸಡಿಲಿಸುತ್ತೆ. ಬಿರುಕು ಗುಹೆಯಾಗಿ, ಗುಹೆ ಆಚೆ ಬದಿಗೂ ತೂತಾದರೆ ಕಮಾನು. ಬುಡ ಕೊರೆದಷ್ಟೂ ಚಾವಣಿಯ ಹರವು ಹೆಚ್ಚುತ್ತೆ, ಅದರ ಕೆಳಭಾಗ ಎಳೆತಕ್ಕೆ ಸಿಗುತ್ತೆ. ಕಲ್ಲು ಒತ್ತಡ ತಾಳುತ್ತೆ, ಎಳೆತ ತಾಳಲ್ಲ. ಹಾಗಾಗಿ ಚಾವಣಿ ತನ್ನ ಭಾರಕ್ಕೇ ಮುರಿಯುತ್ತೆ. ಸಮುದ್ರದಲ್ಲಿ ಉಳಿದ ಕಂಬವೇ ಸ್ಟ್ಯಾಕ್.

ಉತ್ತರ 2: ಸ್ಟ್ಯಾಕ್‌ಗೂ ಅದೇ ಗತಿ. ಹತ್ತಿರದ ಟ್ವೆಲ್ವ್ ಅಪಾಸಲ್ಸ್ ಎಂಬ ಸ್ಟ್ಯಾಕ್‌ಗಳ ಗುಂಪಿನಲ್ಲಿ 2005ರಲ್ಲಿ ಸುಮಾರು 50 ಮೀಟರಿನ ಕಂಬ ಕ್ಷಣದಲ್ಲಿ ಕಲ್ಲುಗುಡ್ಡೆಯಾಯಿತು.

ಪ್ರಶ್ನೆ: ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳೂ ಹೀಗೇನಾ?

ಉತ್ತರ 1: ಅಲ್ಲ ಮಾರಾಯ್ರೇ, ಅವು ಲಾವಾ ಆರುವಾಗ ಕುಗ್ಗಿ ಬಿರಿದವು.