ಸುಹಾಸನ ಕಾರಿನ ಏರ್‌ಬ್ಯಾಗ್ ದೀಪ: ಸೆನ್ಸರ್ ಬದಲಿಸುವ ಮೊದಲು

ಸುಹಾಸ, ನಿನ್ನೆ ರಾತ್ರಿ ನೀನು ಗುಂಪಿನಲ್ಲಿ ಹಾಕಿದ್ದನ್ನು ಬೆಳಿಗ್ಗೆ ಕಾಫಿ ಕುಡಿಯುತ್ತಾ ಎರಡು ಸಲ ಓದಿದೆ. ಚಿಕ್ಕಮ್ಮ ತೀರ್ಥಹಳ್ಳಿಯಿಂದ ಬರುತ್ತಾರೆಂದು ಶನಿವಾರ ಕಾರಿನ ಒಳಗನ್ನೆಲ್ಲ ವ್ಯಾಕ್ಯೂಮ್ ಮಾಡಿದ್ದೀಯೆ, ಭಾನುವಾರದಿಂದ ಏರ್‌ಬ್ಯಾಗಿನ ಎಚ್ಚರಿಕೆಯ ದೀಪ ಆರುತ್ತಿಲ್ಲ, ಚಿಕ್ಕಮ್ಮ ಮುಂದಿನ ಸೀಟಿನಲ್ಲಿ ಕುಳಿತರೂ ‘ಪ್ಯಾಸೆಂಜರ್ ಏರ್‌ಬ್ಯಾಗ್ ಆಫ್’ ಎಂದೇ ತೋರಿಸುತ್ತಿದೆ. ಡೀಲರ್ ಕಡೆಯವರು ಸೀಟಿನ ಸೆನ್ಸರ್ ಹೋಗಿದೆ ಎಂದು ಸಾವಿರ ಡಾಲರಿಗೂ ಮೇಲೆ ಹೇಳಿದ್ದಾರೆ, ಗೆಳೆಯನೊಬ್ಬ ಸೆನ್ಸರಿನ ವೈರಿಗೆ ಒಂದು ರೆಸಿಸ್ಟರ್ (ಕರೆಂಟಿನ ಹರಿವನ್ನು ತಡೆಯುವ ಪುಟ್ಟ ಬಿಡಿಭಾಗ) ಸಿಕ್ಕಿಸಿದರೆ ದೀಪ ಆರಿಹೋಗುತ್ತದೆ ಎಂದಿದ್ದಾನೆ. ಸದ್ಯಕ್ಕೆ ಈ ಎರಡೂ ಬೇಡ. ದೋಷ ಎಲ್ಲಿದೆ ಎಂದು ಗೊತ್ತಾಗುವವರೆಗೆ ಚಿಕ್ಕಮ್ಮ ಹಿಂದಿನ ಸೀಟಿನಲ್ಲಿ ಕುಳಿತುಕೊಳ್ಳಲಿ.

ನೀನು ಎರಡು ದೀಪಗಳನ್ನು ಒಂದೇ ಎಂದುಕೊಂಡಿದ್ದೀಯೆ. ‘ಆಫ್’ ಎಂಬ ದೀಪ ತಾನಾಗಿಯೇ ದೋಷದ ಗುರುತಲ್ಲ; ಸೀಟಿನಲ್ಲಿ ಮಗು ಕುಳಿತಿದ್ದರೆ ಅದು ಹೊತ್ತಿಕೊಳ್ಳಬೇಕಾದದ್ದೇ. ಅಮೆರಿಕದಲ್ಲಿ 1990ರಿಂದ 2008ರವರೆಗೆ, ನಿಧಾನ ವೇಗದ ಅಪಘಾತಗಳಲ್ಲಿ ಏರ್‌ಬ್ಯಾಗಿನ ಹೊಡೆತಕ್ಕೇ 290ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಮಕ್ಕಳು ಬಹಳ. ಆ ಕಾರಣದಿಂದಲೇ ಅಲ್ಲಿನ 208ನೆಯ ಸುರಕ್ಷತಾ ನಿಯಮವನ್ನು ಬಿಗಿಗೊಳಿಸಿ, 2003ರಿಂದ 2006ರೊಳಗೆ ಹಂತಹಂತವಾಗಿ, ಮುಂದಿನ ಸೀಟಿನಲ್ಲಿ ಯಾರಿದ್ದಾರೆಂದು ಕಾರೇ ತಿಳಿದುಕೊಳ್ಳುವ ಏರ್ಪಾಡನ್ನು ತಂದರು. ಪರೀಕ್ಷೆಗೆ ಬಳಸುವ ಆರು ವರ್ಷದ ಮಗುವಿನ ಗೊಂಬೆ ಸುಮಾರು 23 ಕಿಲೋ, ಸಣ್ಣ ಮೈಕಟ್ಟಿನ ಹೆಂಗಸಿನ ಗೊಂಬೆ ಸುಮಾರು 49 ಕಿಲೋ. ಇವೆರಡರ ನಡುವಿನ ತೂಕದವರನ್ನು ಕಾರು ಮಗುವೆನ್ನುತ್ತದೋ ದೊಡ್ಡವರೆನ್ನುತ್ತದೋ ಹೇಳಲಾಗದು. ಚಿಕ್ಕಮ್ಮ 43 ಕಿಲೋ ಇದ್ದಾರೆ; ಜೊತೆಗೆ ಕಾರಿನಲ್ಲೂ ಚಕ್ಕಳಮಕ್ಕಳ ಹಾಕಿಕೊಂಡು ಬಾಗಿಲಿಗೆ ಒರಗಿ ಕೂರುವ ಅಭ್ಯಾಸ ಅವರದು. (ಚಿಕ್ಕಮ್ಮ, ನೀವು ಇದನ್ನು ಓದುತ್ತಿದ್ದರೆ ಕ್ಷಮಿಸಿ, ವಿಷಯ ಬಂದದ್ದರಿಂದ ಬರೆದೆ.) ಹಾಗೆ ಕುಳಿತರೆ ತೂಕದ ಒಂದು ಪಾಲು ಬಾಗಿಲಿನ ಮೇಲೆ ಹೋಗುತ್ತದೆ. ಆದ್ದರಿಂದ ‘ಆಫ್’ ದೀಪ ಒಂದೇ ಆಗಿದ್ದರೆ ನಾನು ಕಾಲು ಕೆಳಗಿಟ್ಟು ನೆಟ್ಟಗೆ ಕೂರಿಸಿ ನೋಡು ಎನ್ನುತ್ತಿದ್ದೆ. ಏರ್‌ಬ್ಯಾಗಿನ ಎಚ್ಚರಿಕೆಯ ದೀಪವೂ ಆರದೆ ಉಳಿದಿದೆಯೆಂದರೆ ಮಾತು ಬೇರೆ: ವ್ಯವಸ್ಥೆ ತನ್ನಲ್ಲಿಯೇ ತಪ್ಪನ್ನು ಕಂಡುಕೊಂಡಿದೆ.

ನೀನು ಹೇಳಿದ ಮಾದರಿಯ ಕಾರಿನಲ್ಲಿ ಸೀಟಿನ ನಾಲ್ಕು ಮೂಲೆಗಳಲ್ಲಿ, ಕುಶನ್ನಿನ ಚೌಕಟ್ಟಿಗೂ ಸೀಟು ಹಿಂದೆ ಮುಂದೆ ಜಾರುವ ಹಳಿಗೂ ನಡುವೆ, ತೂಕ ಅಳೆಯುವ ಸಣ್ಣ ಲೋಹದ ತುಂಡುಗಳಿರುತ್ತವೆ. ಕುಳಿತಾಗ ಲೋಹ ಕೂದಲೆಳೆಯಷ್ಟೂ ಅಲ್ಲದ ಬಾಗು ಬಾಗುತ್ತದೆ, ಅದರ ಮೇಲೆ ಅಂಟಿಸಿದ ತಂತಿಯ ರೆಸಿಸ್ಟೆನ್ಸ್ ಅಷ್ಟಕ್ಕಷ್ಟು ಬದಲಾಗುತ್ತದೆ, ಸೀಟಿನಡಿಯ ಪುಟ್ಟ ಕಂಪ್ಯೂಟರ್ ಅದನ್ನು ಕಿಲೋ ಲೆಕ್ಕಕ್ಕೆ ತರುತ್ತದೆ. ಹಳೆಯ ಯುರೋಪಿನ ಕಾರುಗಳಲ್ಲಿ ಇದರ ಬದಲು ಕುಶನ್ನಿನ ಕೆಳಗೆ ತೆಳ್ಳನೆಯ ಚಾಪೆಯಂಥ ಸೆನ್ಸರ್ ಇರುತ್ತದೆ, ಅದು ಮಡಿಕೆ ಬಿದ್ದು ಸಾಯುವುದು ಸಾಮಾನ್ಯ. ನಿನ್ನದರಲ್ಲಿ ಸೆನ್ಸರೇ ಸಾಯುವುದು ಅಷ್ಟು ಸುಲಭವಲ್ಲ. ಆದರೆ ಸೀಟಿನ ಕೆಳಗೆ ನೀರಿನ ಬಾಟಲಿಯೋ ಛತ್ರಿಯೋ ಸಿಕ್ಕಿಕೊಂಡು ಕುಶನ್ನನ್ನು ಕೆಳಗಿನಿಂದ ಎತ್ತಿ ಹಿಡಿದರೂ ಲೆಕ್ಕ ಕೆಡುತ್ತದೆ. ಮೊದಲು ಟಾರ್ಚ್ ಹಿಡಿದು ಅದನ್ನು ನೋಡು.

ಅದಾದ ಮೇಲೆ, ಗ್ಯಾರೇಜಿಗೆ ಹೋಗುವ ಮೊದಲೇ, ಕಾರಿನ 17 ಅಕ್ಷರ ಮತ್ತು ಅಂಕಿಗಳ ಗುರುತಿನ ಸಂಖ್ಯೆಯನ್ನು ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆಯಾದ ಎನ್‌ಎಚ್‌ಟಿಎಸ್‌ಎಯ ತಾಣದಲ್ಲಿ ಹಾಕಿ ನೋಡು. ಈ ಬಗೆಯ ಸೀಟಿನ ಸೆನ್ಸರಿಗಾಗಿಯೇ ಟೊಯೊಟಾ 2023ರ ಡಿಸೆಂಬರಿನಲ್ಲಿ ಅಲ್ಲಿ ಸುಮಾರು 10 ಲಕ್ಷ ಕಾರುಗಳನ್ನೂ ಹೋಂಡಾ 2024ರ ಫೆಬ್ರವರಿಯಲ್ಲಿ ಸುಮಾರು 7.5 ಲಕ್ಷ ಕಾರುಗಳನ್ನೂ ಹಿಂದಕ್ಕೆ ಕರೆಸಿಕೊಂಡಿದ್ದವು. ನಿನ್ನ ಕಾರಿಗೂ ಅಂಥದ್ದೊಂದು ಬಾಕಿಯಿದ್ದರೆ ರಿಪೇರಿ ಉಚಿತ, ಉಳಿದದ್ದನ್ನು ನೀನು ಓದುವುದೇ ಬೇಡ.

ಇಲ್ಲದಿದ್ದರೆ ಕಾರಿನ ಕಂಪ್ಯೂಟರ್ ಬರೆದಿಟ್ಟುಕೊಂಡ ದೋಷದ ಕೋಡ್ ಓದಿಸಬೇಕು. ನೀನು ಆನ್‌ಲೈನಿನಲ್ಲಿ ತರಿಸಿದ, ಕಾರಿಗೆ ಸಿಕ್ಕಿಸಿ ಕೋಡ್ ಓದುವ ಸಣ್ಣ ಡಾಂಗಲ್ ಸಾಮಾನ್ಯವಾಗಿ ಎಂಜಿನ್ನಿನ ಕೋಡುಗಳನ್ನಷ್ಟೇ ಓದುತ್ತದೆ, ಏರ್‌ಬ್ಯಾಗಿನ ಕಂಪ್ಯೂಟರ್ ಜೊತೆ ಮಾತಾಡುವ ಸ್ಕ್ಯಾನರ್ ಬೇರೆ. ಓದಿದ ಮೇಲೂ ಒಂದು ಎಚ್ಚರ ಬೇಕು. ಉದಾಹರಣೆಗೆ ಟೊಯೊಟಾದ ಏರ್‌ಬ್ಯಾಗ್ ಕಂಪ್ಯೂಟರಿನಲ್ಲಿ ಬಿ1650 ಎಂಬ ಕೋಡ್ ಬಂದರೆ ಅದು ‘ಸೀಟಿನ ವ್ಯವಸ್ಥೆಯಲ್ಲಿ ಏನೋ ಸರಿಯಿಲ್ಲ’ ಎಂದು ಪಕ್ಕದ ಮನೆಯವರು ಹೇಳಿದಂತೆ. ನಿಜವಾದ ದೂರು ಸೀಟಿನಡಿಯ ಕಂಪ್ಯೂಟರಿನಲ್ಲೇ ಇರುತ್ತದೆ, ಅದನ್ನು ಪ್ರತ್ಯೇಕವಾಗಿ ತೆರೆದು ಓದಬೇಕು. ಮೊದಲ ಕೋಡ್ ನೋಡಿಯೇ ಸೆನ್ಸರ್ ತರಿಸಿಬಿಡುವ ಗ್ಯಾರೇಜುಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಆದ್ದರಿಂದ ಡೀಲರಿನವರನ್ನು ಕೇಳಬೇಕಾದ ಪ್ರಶ್ನೆ ಒಂದೇ: ನಾಲ್ಕೂ ಮೂಲೆಗಳ ತೂಕವನ್ನು ಸ್ಕ್ಯಾನರಿನ ಪರದೆಯ ಮೇಲೆ ನೋಡಿದಿರಾ? ಒಂದೇ ಮೂಲೆ ಅಲ್ಲಾಡದೆ ನಿಂತು ಉಳಿದ ಮೂರು ಬದಲಾಗುತ್ತಿದ್ದರೆ ಆ ಮೂಲೆಯ ಸೆನ್ಸರ್ ಅಥವಾ ಅದರ ವೈರ್ ಮೇಲೆ ಅನುಮಾನ ಪಡಬಹುದು. ನಾಲ್ಕೂ ಒಟ್ಟಿಗೆ ಕಾಣೆಯಾಗಿದ್ದರೆ ನಾಲ್ಕು ಸೆನ್ಸರ್ ಒಂದೇ ದಿನ ಸತ್ತಿರುವುದಿಲ್ಲ, ವೈರುಗಳನ್ನು ಜೋಡಿಸುವ ಕನೆಕ್ಟರ್ ಅಥವಾ ಕರೆಂಟ್ ಬರುವ ದಾರಿಯಲ್ಲೇ ದೋಷ ಹುಡುಕಬೇಕು.

ನನ್ನ ಅನುಮಾನವೂ ಕನೆಕ್ಟರಿನ ಮೇಲೆಯೇ, ಏಕೆಂದರೆ ವ್ಯಾಕ್ಯೂಮ್ ಮಾಡುವಾಗ ನೀನು ಸೀಟನ್ನು ತುದಿಯಿಂದ ತುದಿಗೆ ಸರಿಸಿ, ಪೈಪಿನ ಮೂತಿಯನ್ನು ಕೆಳಗೆ ತುರುಕಿರುತ್ತೀಯೆ. ಹೋದ ಚಳಿಗಾಲ ಇಲ್ಲಿ ಮಿಷಿಗನ್ನಿನಲ್ಲಿ ನನ್ನ ಕೈಗೆ ಬಂದ ಒಂದು ವ್ಯಾನಿನದೂ ಇದೇ ಕಥೆ. ಸೆನ್ಸರ್ ಬದಲಿಸಿ ಹದಿನೈದು ದಿನವಾಗಿತ್ತು, ದೀಪ ಮತ್ತೆ ಬಂದಿತ್ತು. ಸೀಟನ್ನು ಕಳಚಿ ಹಿಂದಕ್ಕೆ ವಾಲಿಸಿ ಕನೆಕ್ಟರ್ ಬಿಚ್ಚಿದರೆ, ಒಂದು ಪಿನ್ನಿನ ಬುಡದಲ್ಲಿ ಹಿತ್ತಾಳೆ ಪಾತ್ರೆಗೆ ಹಿಡಿಯುವಂಥ ಹಸಿರು ಕಿಲುಬು, ಅದರ ಸುತ್ತ ಅಂಟಂಟಾದ ಕಂದು ಕಲೆ. ಮಕ್ಕಳ ಜ್ಯೂಸ್ ಚೆಲ್ಲಿ, ಬೂಟಿನಿಂದ ಕರಗಿದ ಉಪ್ಪು ಬೆರೆತ ಹಿಮದ ನೀರು ಕಾರ್ಪೆಟ್ಟಿನಲ್ಲಿ ಇಳಿದು ಆದದ್ದು. ಆ ಪಿನ್ ಬದಲಿಸಿದ ಮೇಲೆ ದೀಪ ಈವರೆಗೂ ಬಂದಿಲ್ಲ.

ಹಾಗೆಂದು ನೀನೇ ಕೈ ಹಾಕಬೇಡ. ಸೀಟಿನಡಿಯ ಹಳದಿ ಕನೆಕ್ಟರುಗಳು ಸೀಟಿನ ಪಕ್ಕದ ಏರ್‌ಬ್ಯಾಗಿಗೂ ಅಪಘಾತವಾದಾಗ ಬೆಲ್ಟನ್ನು ಬಿಗಿಯಾಗಿ ಎಳೆಯುವ ಸಿಡಿಮದ್ದಿಗೂ ಹೋಗುತ್ತವೆ. ಬ್ಯಾಟರಿಯ ನೆಗೆಟಿವ್ ತೆಗೆದ ಮೇಲೂ ಏರ್‌ಬ್ಯಾಗ್ ಕಂಪ್ಯೂಟರಿನ ಕೆಪಾಸಿಟರಿನಲ್ಲಿ (ಕರೆಂಟ್ ಕೂಡಿಟ್ಟುಕೊಳ್ಳುವ ಬಿಡಿಭಾಗ) ಚಾರ್ಜ್ ಉಳಿದಿರುತ್ತದೆ. ಕೆಲವು ಕಂಪನಿಗಳು ಒಂದೂವರೆ ನಿಮಿಷ ಕಾಯಿರಿ ಎನ್ನುತ್ತವೆ, ನಾನು ಹತ್ತು ನಿಮಿಷ ಕಾಯುತ್ತೇನೆ. ಆ ವೈರುಗಳಿಗೆ ಕರೆಂಟ್ ಪರೀಕ್ಷಿಸುವ ಮಾಮೂಲಿ ಮಲ್ಟಿಮೀಟರ್ ಹಚ್ಚಲೇಬಾರದು, ಅದು ಹರಿಸುವ ಅಲ್ಪ ಕರೆಂಟ್ ಕೂಡ ಮದ್ದಿಗೆ ಹೋಗಬಾರದು. ಕನೆಕ್ಟರ್ ಬಿಚ್ಚಿಟ್ಟು ಇಗ್ನಿಷನ್ ಆನ್ ಮಾಡಿದರೆ ಹೊಸದೊಂದು ಕೋಡ್ ಸೇರಿಕೊಂಡು ಹುಡುಕುವವನ ದಾರಿ ತಪ್ಪುತ್ತದೆ.

ಕೆಲಸ ಮುಗಿದ ಮೇಲೆ ಸೀಟನ್ನು ಖಾಲಿಯಿಟ್ಟು ತೂಕದ ಲೆಕ್ಕವನ್ನು ಸೊನ್ನೆಗೆ ಹೊಂದಿಸಬೇಕು. ಟೊಯೊಟಾದ ಕ್ರಮದಲ್ಲಿ ಆಮೇಲೆ 30 ಕಿಲೋ ಭಾರವಿಟ್ಟು, ಪರದೆ 27ರಿಂದ 33ರೊಳಗೆ ತೋರಿಸುತ್ತದೆಯೇ ಎಂದು ನೋಡುತ್ತಾರೆ. ನಿನ್ನ ಗ್ಯಾರೇಜಿನವರೂ ಇಂಥ ಪರೀಕ್ಷೆ ಮಾಡಿ ಬಿಲ್ಲಿನಲ್ಲಿ ಬರೆದುಕೊಡಲಿ.

ರೆಸಿಸ್ಟರಿನ ಉಪಾಯ ಚಾಪೆ ಸೆನ್ಸರಿನ ಕಾರುಗಳಿಂದ ಬಂದದ್ದು. ಅದು ಸೀಟಿನಲ್ಲಿ ಸದಾ ದೊಡ್ಡವರೇ ಇದ್ದಾರೆಂದು ಕಂಪ್ಯೂಟರಿಗೆ ಸುಳ್ಳು ಹೇಳುತ್ತದೆ. ನಾಳೆ ನೀನು ಆ ಕಾರನ್ನು ಮಾರಿ, ಕೊಂಡವರು ಮಗುವನ್ನು ಅಲ್ಲಿ ಕೂರಿಸಿದರೂ ಅದೇ ಸುಳ್ಳು. ನಿನ್ನ ನಾಲ್ಕು ಮೂಲೆಯ ಸೀಟಿನಲ್ಲಿ ಅದು ನಡೆಯುವುದೂ ಇಲ್ಲ.

ಪ್ರಕಾಶ್ ಮಾವ, ಬೆಂಗಳೂರಿನಲ್ಲಿ ನಿಮ್ಮ ಕಾರು ತರಕಾರಿ ಚೀಲಕ್ಕೂ ಕಿರುಚುತ್ತದೆ ಎಂದು ನಡುವೆ ಕೇಳಿದಿರಿ. ಅದು 2019ರ ಜುಲೈ 1ರಿಂದ ಕಡ್ಡಾಯವಾದ ಬೆಲ್ಟ್ ನೆನಪಿಸುವ ಏರ್ಪಾಡು, ಚೀಲದ ಭಾರವನ್ನು ಮನುಷ್ಯನೆಂದು ತಿಳಿದು ಕೂಗುತ್ತದೆ. ದೋಷವಲ್ಲ, ಚೀಲವನ್ನು ಕೆಳಗಿಡಿ.

ಸುಹಾಸ, ಕೋಡುಗಳನ್ನು ಯಾರಿಗೂ ಅಳಿಸಲು ಬಿಡಬೇಡ. ಸ್ಕ್ಯಾನರಿನ ಪರದೆಯಲ್ಲಿ ಖಾಲಿ ಸೀಟಿನದೊಂದು, ನೀನು ಕುಳಿತಾಗಿನದೊಂದು, ಹೀಗೆ ಎರಡು ಫೋಟೋ ತೆಗೆದು ನನಗೆ ಕಳುಹಿಸು. ಸಂಜೆ ಆರರ ಮೇಲೆ ಫೋನ್ ಮಾಡುತ್ತೇನೆ.