180 ಮನೆ, ಒಂದೇ ವಾಟ್ಸಾಪ್ ಗ್ರೂಪು: ಹೇಗೆ ಒಡೆಯೋದು?

ಜಾಲಿ_ಕ್ರಾಸ್
ಬೆಂಗಳೂರಿನ ಉತ್ತರ ಭಾಗದ ಲೇಔಟು. ಸುಮಾರು 180 ಮನೆ, ಅರ್ಧಕ್ಕರ್ಧ ಬಾಡಿಗೆಯವರು. ಎಲ್ಲರಿಗೂ ಸೇರಿ ಒಂದೇ ಗ್ರೂಪು, 260 ಜನ. ‘ಕಾವೇರಿ ಬಂತಾ?’, ‘ಕರೆಂಟ್ ಯಾವಾಗ?’ ಅಂತ ಕೇಳಿದ್ದು ಗುಡ್ ಮಾರ್ನಿಂಗ್ ಹೂವಿನ ಕೆಳಗೆ ಹೂತುಹೋಗುತ್ತೆ. ಕೊಟ್ಟ ದೂರಿನ ನಂಬರು ವಾರ ಕಳೆದರೆ ಹುಡುಕಿದರೂ ಸಿಗಲ್ಲ. ವಾಟ್ಸಾಪ್ ಕಮ್ಯುನಿಟಿ (ಹಲವು ಗ್ರೂಪುಗಳನ್ನ ಒಂದೇ ಸೂರಿನಡಿ ಸೇರಿಸೋದು) ಮಾಡಿ ಕ್ರಾಸಿಗೊಂದರಂತೆ 7 ಗ್ರೂಪು ಮಾಡೋಣ ಅಂತ ಸಂಘದವರ ಲೆಕ್ಕ. ಸರಿಹೋಗುತ್ತಾ? ದುಡ್ಡು ಕೊಟ್ಟು ಆಪ್ ತಗೊಳ್ಳೋ ಯೋಚನೆ ಇಲ್ಲ.

ವಾಲ್ವ್_ತಿರುವಿ
ಕ್ರಾಸ್ ಲೆಕ್ಕದಲ್ಲಿ ಒಡೀಬೇಡಿ. ನೀರು ಕ್ರಾಸ್ ನೋಡ್ಕೊಂಡು ಬರಲ್ಲ, ವಾಲ್ವ್ ನೋಡ್ಕೊಂಡು ಬರುತ್ತೆ. ಒಂದೇ ಕ್ರಾಸಿನ ಎಡಗಡೆ ಸಾಲು ಒಂದು ವಾಲ್ವಿನದು, ಬಲಗಡೆಯದು ಇನ್ನೊಂದರದು ಆಗಿರೋದು ಮಾಮೂಲಿ. ವಾಲ್ವ್‌ಮನ್ ಬಂದಾಗ ಜೊತೆಗೆ ಒಂದು ಸುತ್ತು ಹೋಗಿ, ಯಾವ ವಾಲ್ವ್ ಬಿಟ್ಟರೆ ಯಾವ ಯಾವ ಮನೆಗೆ ಅಂತ ಕಾಗದದಲ್ಲಿ ಬರ್ಕೊಳ್ಳಿ. ಗ್ರೂಪು ವಾಲ್ವಿಗೊಂದು.

ಪ್ರತಿ ವಾಲ್ವಿಗೂ ಇಬ್ಬರು ವರದಿ ಕೊಡಬೇಕು: ಲೈನಿನ ಮೊದಲ ಮನೆಯವರು, ಕೊನೇ ಮನೆಯವರು. ಬರೆಯೋದು ಎರಡೇ ಮಾತು, ‘ಬಂತು’ ಅಥವಾ ‘ನಿಂತಿತು’. ವಾಯ್ಸ್ ಮೆಸೇಜ್ ಬೇಡವೇ ಬೇಡ, ಕಣ್ಣಾಡಿಸಿದರೆ ಗೊತ್ತಾಗಬೇಕು. ಮೊದಲ ಮನೆಯವರೊಬ್ಬರೇ ಹೇಳಿದರೆ ಕೊನೆಯವರು ಸಂಪಿನ ಮುಚ್ಚಳ ತೆಗೆದು ಕಾಯ್ತಾ ನಿಲ್ಲಬೇಕಾಗುತ್ತೆ.

ಅಸಲು ಉಪಯೋಗ ಈ ಎರಡು ‘ಬಂತು’ಗಳ ನಡುವಿನ ಅಂತರದಲ್ಲಿದೆ. ದಿನಾ ಅರ್ಧ ಗಂಟೆ ಇರೋದು ಒಂದು ದಿನ ಎರಡು ಗಂಟೆ ಆದರೆ, ಒಂದೋ ವಾಲ್ವ್ ಪೂರ್ತಿ ಬಿಟ್ಟಿಲ್ಲ, ಇಲ್ಲಾ ಪೈಪ್ ಒಡೆದಿದೆ, ಇಲ್ಲಾ ಯಾರೋ ಪುಣ್ಯಾತ್ಮರು ಲೈನಿಗೇ ಮೋಟರ್ ಹಾಕಿ ಎಳೀತಿದ್ದಾರೆ. ಮಧ್ಯದ ಮನೆಗಳನ್ನ ಒಂದೊಂದಾಗಿ ಕೇಳಿದರೆ ಯಾವ ಮನೆ ದಾಟಿದ ಮೇಲೆ ಫೋರ್ಸ್ ಬಿದ್ದಿದೆ ಅಂತ ತಿಳಿಯುತ್ತೆ. ಜಲಮಂಡಳಿಯ 1916ಕ್ಕೆ ‘ನೀರಿಲ್ಲ’ ಅನ್ನೋದಕ್ಕೂ ‘ಇಂಥ ಮನೆಯಿಂದಾಚೆಗೆ ನೀರಿಲ್ಲ’ ಅನ್ನೋದಕ್ಕೂ ಬಹಳ ವ್ಯತ್ಯಾಸ ಇದೆ.

ಫ್ಯೂಸ್‌ಪೀಸ್
ಕರೆಂಟಿಗೂ ಇದೇ ಮಾತು, ಆದರೆ ಗ್ರೂಪು ಟ್ರಾನ್ಸ್‌ಫಾರ್ಮರಿಗೊಂದು. ಕರೆಂಟ್ ಹೋದಾಗ ಗ್ರೂಪಲ್ಲಿ ವಾಟ್ಸಾಪ್ ಪೋಲ್ (ಒತ್ತಿ ಉತ್ತರ ಕೊಡೋ ಪ್ರಶ್ನೆ) ಹಾಕಿ, ನಾಲ್ಕೇ ಆಯ್ಕೆ: ಇದೆ, ಪೂರ್ತಿ ಇಲ್ಲ, ಡಲ್ಲಾಗಿದೆ, ಜಾಸ್ತಿ ಉರೀತಿದೆ.

ಎಲ್ಲ ಗ್ರೂಪಲ್ಲೂ ‘ಪೂರ್ತಿ ಇಲ್ಲ’ ಬಂದರೆ ಫೀಡರ್ (ಸಬ್‌ಸ್ಟೇಷನ್ನಿಂದ ಟ್ರಾನ್ಸ್‌ಫಾರ್ಮರುಗಳಿಗೆ ಬರೋ ಲೈನು) ಕಡೆ ತೊಂದರೆ, ಕಾಯೋದೇ. ಒಂದು ಟ್ರಾನ್ಸ್‌ಫಾರ್ಮರಿನ ಮೂರರಲ್ಲೊಂದು ಪಾಲು ಮನೆಗೆ ಮಾತ್ರ ಇಲ್ಲ ಅಂದರೆ ಒಂದು ಫೇಸ್ (ಟ್ರಾನ್ಸ್‌ಫಾರ್ಮರಿನಿಂದ ಮನೆಗಳಿಗೆ ಹಂಚೋ ಮೂರು ಲೈನಿನಲ್ಲಿ ಒಂದು) ಹೋಗಿದೆ, ಬಹುಪಾಲು ಫ್ಯೂಸ್. ಪಕ್ಕದ ಮನೇಲಿ ದೀಪ ಉರೀತಿರುತ್ತಲ್ಲ, ಅದಕ್ಕೇ ಜನ ‘ನಮ್ಮ ಮನೇದೇ ಪ್ರಾಬ್ಲಂ’ ಅಂತ ಎಲೆಕ್ಟ್ರಿಷಿಯನ್ನನ್ನ ಕರೆಸಿ ದುಡ್ಡು ಕಳ್ಕೊಳ್ತಾರೆ. ಕೆಲವರದ್ದು ಡಲ್ಲು, ಕೆಲವರದ್ದು ಜಾಸ್ತಿ ಅಂತ ಒಟ್ಟಿಗೆ ಬಂದರೆ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗೋ ತಂತಿ) ಕಟ್ಟಾಗಿದೆ. ಆಗ ಪೋಲು ಗೀಲು ನೋಡ್ತಾ ಕೂರಬೇಡಿ, ಎಲ್ಲರೂ ಮೇನ್ ಸ್ವಿಚ್ ಆಫ್ ಮಾಡಿ. ಫ್ರಿಜ್ಜು, ಟಿವಿ ಸುಡೋದು ಅವಾಗಲೇ. ಇದೊಂದಕ್ಕೆ ಮಾತ್ರ ಅಡ್ಮಿನ್ ಎಲ್ಲರಿಗೂ ಫೋನ್ ಮಾಡಿದರೂ ತಪ್ಪಿಲ್ಲ.

ಬೆಸ್ಕಾಂ 1912ಕ್ಕೆ ಗ್ರೂಪಿನಿಂದ ಒಬ್ಬರು ಫೋನ್ ಮಾಡಿದರೆ ಸಾಕು. ಬಿಲ್ಲಿನ ಮೇಲಿರೋ ಅಕೌಂಟ್ ಐಡಿ ಕೈಯಲ್ಲಿರಲಿ. ಅವರು ಕೊಟ್ಟ ಡಾಕೆಟ್ (ದೂರಿನ) ನಂಬರನ್ನ ಗ್ರೂಪಲ್ಲಿ ಪಿನ್ ಮಾಡಿ.

ಲೆಕ್ಕದ_ಪುಸ್ತಕ
ಪಿನ್ ಮಾಡಿದ್ದು ಹೆಚ್ಚಂದ್ರೆ 30 ದಿನ. ಬೀದಿದೀಪದ ದೂರು ಅದಕ್ಕಿಂತ ದೀರ್ಘಾಯುಷಿ. ಅದಕ್ಕೆ ಒಂದು ಗೂಗಲ್ ಶೀಟ್ ಬೇಕು: ತಾರೀಕು, ಏನು, ಎಲ್ಲಿ (ಕಂಬದ ನಂಬರ್ ಅಥವಾ ಮನೆ ನಂಬರ್), ಎಲ್ಲಿ ಕೊಟ್ಟಿದ್ದು (1912, 1916, ಪಾಲಿಕೆಯದಾದರೆ 1533), ದೂರಿನ ನಂಬರ್. ಕೊನೆಗೆ ಎರಡು ಬೇರೆ ಬೇರೆ ಕಾಲಂ: ‘ಇಲಾಖೆ ಮುಗಿದಿದೆ ಅಂದಿದ್ದು’, ‘ನಾವು ನೋಡಿದ್ದು’. ಈ ಎರಡನ್ನ ಒಂದೇ ಕಾಲಮ್ಮಿಗೆ ಹಾಕಿದರೆ ಶೀಟ್ ಮಾಡಿಯೂ ದಂಡ. ತಿದ್ದೋ ಅಧಿಕಾರ ಮೂವರಿಗೆ, ನೋಡೋದು ಎಲ್ಲರಿಗೂ. ಲಿಂಕು ಹೊರಗೆ ಹೋಗೇ ಹೋಗುತ್ತೆ, ಹಾಗಾಗಿ ಫೋನ್ ನಂಬರು, ಅಕೌಂಟ್ ಐಡಿ ಅದರಲ್ಲಿ ಇರಕೂಡದು. ಲಿಂಕನ್ನ ಗ್ರೂಪಿನ ಡಿಸ್ಕ್ರಿಪ್ಷನ್ನಲ್ಲಿ ಹಾಕಿ.

ಕಮ್ಯುನಿಟಿಯ ಅನೌನ್ಸ್‌ಮೆಂಟ್ ಗ್ರೂಪಲ್ಲಿ (ಅಡ್ಮಿನ್‌ಗಳು ಎಲ್ಲರಿಗೂ ಸುದ್ದಿ ಹಾಕೋ ಗ್ರೂಪು) ಸದಸ್ಯರ ನಂಬರು ಬೇರೆ ಸದಸ್ಯರಿಗೆ ಕಾಣಲ್ಲ, ಒಳಗಿನ ಗ್ರೂಪುಗಳಲ್ಲಿ ಕಾಣುತ್ತೆ. ಒಂಟಿಯಾಗಿರೋ ಹೆಣ್ಣುಮಕ್ಕಳಿಗೆ ಇದನ್ನ ಸೇರೋ ಮೊದಲೇ ಹೇಳಿಬಿಡಿ, ಬೇಕಿದ್ದವರು ಅನೌನ್ಸ್‌ಮೆಂಟಲ್ಲಷ್ಟೇ ಇರಲಿ. ಅಡ್ಮಿನ್ ಅಪ್ರೂವಲ್ ಆನ್ ಮಾಡಿ, ಕ್ಯೂಆರ್ ಕೋಡನ್ನ ಗೇಟಿಗೆ ಅಂಟಿಸಬೇಡಿ. ಅಂಟಿಸಿದರೆ ವಾರದೊಳಗೆ ಸೈಟ್ ಬ್ರೋಕರುಗಳು ಒಳಗೆ. ಈಗಾಗಲೇ ಲಿಂಕು ಹರಡಿದ್ದರೆ ರೀಸೆಟ್ ಮಾಡಿ. ಬಾಡಿಗೆ ಅಗ್ರಿಮೆಂಟು 11 ತಿಂಗಳದ್ದು, ನೀವೂ 11 ತಿಂಗಳಿಗೊಮ್ಮೆ ಪಟ್ಟಿ ತಾಳೆ ನೋಡಿ. ಅಡ್ಮಿನ್ ಮೂರು ಜನ ಇರಲಿ. ಒಬ್ಬರೇ ಇದ್ದು ಗ್ರೂಪ್ ಬಿಟ್ಟರೆ ವಾಟ್ಸಾಪ್ ಯಾರನ್ನೋ ಅಡ್ಮಿನ್ ಮಾಡಿಬಿಡುತ್ತೆ.

ಸಿಸಿಟಿವಿ ಚಿತ್ರ ಹಾಕಿ ‘ಇವನ ಮೇಲೆ ಕಣ್ಣಿಡಿ’ ಅನ್ನೋದಕ್ಕೆ ಬಿಡಬೇಡಿ. ಡೆಲಿವರಿಗೆ ಬಂದ ಹುಡುಗ ಕಳ್ಳ ಆಗಿಬಿಡ್ತಾನೆ. ಅನುಮಾನ ಇದ್ದರೆ 112.

ಜಾಲಿ_ಕ್ರಾಸ್
ವಾಲ್ವ್ 4, ಟ್ರಾನ್ಸ್‌ಫಾರ್ಮರ್ 3. ಮತ್ತೆ ಏಳೇ ಗ್ರೂಪು ಆಯ್ತಲ್ಲ ಸಾರ್! ಒಳಗೆ 24 ಫ್ಲಾಟಿನ ಒಂದು ಕಟ್ಟಡಾನೂ ಇದೆ, ಅವರನ್ನೆಲ್ಲಾ ಸೇರಿಸಬೇಕಾ?

ವಾಲ್ವ್_ತಿರುವಿ
ಏಳಾದರೂ ಒಂದು ಮನೆಗೆ ಬರೋದು ಎರಡೇ. ಹೂವು, ಹಬ್ಬದ ಶುಭಾಶಯ, ಮಾರೋ ಸೋಫಾ ಹಳೇ ಗ್ರೂಪಲ್ಲೇ ಇರಲಿ, ಮ್ಯೂಟ್ ಮಾಡ್ಕೊಳ್ತಾರೆ. ಫ್ಲಾಟಿನವರಿಗೆ ಸಂಪು ಒಂದೇ ಅಲ್ವಾ, ನೀರಿನ ಗ್ರೂಪಿಗೆ ಅವರ ವಾಚ್‌ಮನ್ ಒಬ್ಬರು ಸಾಕು.

ಫ್ಯೂಸ್‌ಪೀಸ್
ಕಾಂಪೌಂಡಿನೊಳಗೆ ಅವರದ್ದೇ ಟ್ರಾನ್ಸ್‌ಫಾರ್ಮರ್ ಇದೆಯಾ ನೋಡಿ. ಇದ್ದರೆ ನಿಮ್ಮ ಪೋಲಿಗೆ ಅವರನ್ನ ಸೇರಿಸಬೇಡಿ, ಲೆಕ್ಕ ತಪ್ಪುತ್ತೆ. ಜನರೇಟರ್ ಇರೋ ಮನೆಯವರಿಗೂ ಹೇಳಿಡಿ: ‘ಇದೆ’ ಅಂತ ಒತ್ತೋ ಮೊದಲು ಮೀಟರ್ ನೋಡಿ.